ಸಹಾಯ ಬೇಕು: ಇಟಲಿಯ ಸಿಸಿಲಿ ದ್ವೀಪದ ವಿಲ್ಲಾ ರೊಮಾನಾ ದೆಲ್ ಕಸಾಲೆ (ಪ್ರಾಚೀನ ರೋಮನ್ ಬಂಗಲೆ) ನೋಡಿದವರು ಯಾರಾದರೂ ಇದ್ದೀರಾ?

ನಮಸ್ಕಾರ. ಅಕ್ಟೋಬರ್‌ನಲ್ಲಿ ಕತಾನಿಯಾ ನಗರದಿಂದ ವಿಲ್ಲಾಗೆ ಹತ್ತಿರದ ಊರಾದ ಪಿಯಾತ್ಸಾ ಆರ್ಮೆರಿನಾಗೆ ಹೋಗುವವರಿದ್ದೇವೆ. ಜೊತೆಗೆ ಮಂಡಿನೋವಿರುವ ಹಿರಿಯರೊಬ್ಬರಿದ್ದಾರೆ. ಊರಿಗೆ ರೈಲಿಲ್ಲ, ಬಸ್ಸೇ ಗತಿ. ಅಲ್ಲಿಂದ ವಿಲ್ಲಾ ಇನ್ನೂ ಕೆಲವು ಕಿಲೋಮೀಟರ್ ಕೆಳಗೆ, ಕಣಿವೆಯಲ್ಲಿದೆ. ಆ ತಿಂಗಳಲ್ಲಿ ಊರಿಂದ ವಿಲ್ಲಾಗೆ ಬಸ್ ಓಡುತ್ತದೆಯೇ, ಇಲ್ಲ ಟ್ಯಾಕ್ಸಿಯನ್ನೇ ನಂಬಬೇಕೇ? ವಾಪಸ್ಸಿಗೆ ಅದೇ ಟ್ಯಾಕ್ಸಿಯನ್ನು ನಿಲ್ಲಿಸಿಕೊಳ್ಳುವುದು ವಾಡಿಕೆಯೇ?

ಇದು 4ನೇ ಶತಮಾನದ ಕಟ್ಟಡ. ಸುಮಾರು 3,500 ಚದರ ಮೀಟರ್ ಮೊಸಾಯಿಕ್ ನೆಲ (ಬಣ್ಣದ ಚೂರುಗಳನ್ನು ಜೋಡಿಸಿ ಚಿತ್ರ ಮೂಡಿಸಿದ ನೆಲ) ಉಳಿದಿದೆ; 12ನೇ ಶತಮಾನದಲ್ಲಿ ಗುಡ್ಡ ಕುಸಿದು ಮಣ್ಣು ಮುಚ್ಚಿದ್ದೇ ಅದನ್ನು ಕಾಪಾಡಿತು. ನೆಲ ತುಳಿಯುವಂತಿಲ್ಲ, ಎತ್ತರದ ಕಾಲುದಾರಿಯಿಂದ ಬಗ್ಗಿ ನೋಡಬೇಕು. ಹಾಗಾಗಿ ಮೆಟ್ಟಿಲು ಎಷ್ಟು, ನಡುವೆ ಕೂರಲು ಜಾಗವಿದೆಯೇ, ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ನಮಗೆ ಎಲ್ಲಕ್ಕಿಂತ ಮುಖ್ಯ.

ಹಳೆಯ ಪಾರದರ್ಶಕ ಚಾವಣಿಯಡಿ ಸೆಕೆ ವಿಪರೀತವಿರುತ್ತಿತ್ತು, ಅದರ ಚೌಕಟ್ಟಿನ ನೆರಳು ಚಿತ್ರಗಳ ಮೇಲೆ ಬೀಳುತ್ತಿತ್ತು. ಈಗ ಬೆಳಕು ತೂರದ ಚಾವಣಿ ಇದೆ. ಫ್ಲ್ಯಾಶ್ ಇಲ್ಲದೆ ಫೋನ್‌ನಲ್ಲಿ ಫೋಟೊ ಚೆನ್ನಾಗಿ ಬರುತ್ತದೆಯೇ?

ನೆಲದ ತುಂಬ ಬೇಟೆಯ ಮೊಸಾಯಿಕ್ ಚಿತ್ರಗಳಿರುವ, ಸುಮಾರು 60 ಮೀಟರ್ ಉದ್ದದ ಮಹಾಬೇಟೆಯ ಪಡಸಾಲೆಯನ್ನು ನಿಧಾನವಾಗಿ ನೋಡಲೇಬೇಕು. ಅದರ ದಕ್ಷಿಣದ ತುದಿಯಲ್ಲಿ ಆನೆ, ಹುಲಿಗಳ ನಡುವೆ ದಂತ ಹಿಡಿದ ಹೆಣ್ಣೊಬ್ಬಳಿದ್ದಾಳೆ. ಅವಳು ಭಾರತದ ಪ್ರತೀಕವೆಂದು ಕೆಲವು ವಿದ್ವಾಂಸರ ಮತ. ಅಲ್ಲಿ ಹತ್ತು ನಿಮಿಷ ನಿಲ್ಲಲು ಬಿಡುತ್ತಾರೆಯೇ, ಇಲ್ಲ ಹಿಂದಿನ ಗುಂಪು ತಳ್ಳುತ್ತದೆಯೇ? ಜನ ಕಡಿಮೆ ಇರುವ ಹೊತ್ತು ಯಾವುದು? ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ತಿಳಿಸಿ.