ವಿಲೀನದ ನಂತರ ಪಾಸ್‌ವರ್ಡ್ ಬದಲಿಸಿದರೂ ಹಳೆಯ ಖಾತೆಯಿಂದ ಪೋಸ್ಟ್‌ಗಳು ಪ್ರಕಟವಾಗುತ್ತಿವೆ

ಪ್ರಶ್ನೆ:
ನಮಸ್ಕಾರ. ನಮ್ಮ ಕಂಪನಿಯಲ್ಲಿ ಇನ್ನೊಂದು ಕಂಪನಿ ವಿಲೀನವಾಗಿ ಹತ್ತು ದಿನಗಳಾದವು. ಅವರ ಎಕ್ಸ್ ಖಾತೆಯ ಪಾಸ್‌ವರ್ಡನ್ನು ನಾನು ಮೊದಲ ದಿನವೇ ಬದಲಿಸಿದ್ದರೂ, ನಾವು ನಿಲ್ಲಿಸಿರುವ ಸೇವೆಯೊಂದರ ಜಾಹೀರಾತು ನಿನ್ನೆ ಅಲ್ಲಿ ತಾನಾಗಿಯೇ ಪ್ರಕಟವಾಯಿತು. ಫೇಸ್‌ಬುಕ್ ಪೇಜಿನಲ್ಲಿ ಪೋಸ್ಟ್ ಹಾಕಲು ನನಗೆ ಸಾಧ್ಯವಾಗುತ್ತಿದೆಯಾದರೂ ಹಳಬರನ್ನು ತೆಗೆಯಲು ಆಗುತ್ತಿಲ್ಲ. ಯೂಟ್ಯೂಬ್ ಚಾನೆಲ್‌ಗೆ ಮೂರು ದಿನಗಳ ಹಿಂದೆ ನನ್ನನ್ನು ಮಾಲೀಕನಾಗಿ ಸೇರಿಸಿದ್ದಾರೆ, ಆದರೆ ಪ್ರಾಥಮಿಕ ಮಾಲೀಕತ್ವ ನನ್ನ ಹೆಸರಿಗೆ ಬರುತ್ತಿಲ್ಲ. ನಾನು ಎಲ್ಲಿ ತಪ್ಪಿದ್ದೇನೆ?

ಉತ್ತರ:
ಯೂಟ್ಯೂಬಿನಲ್ಲಿ ನೀವು ತಪ್ಪಿಲ್ಲ. ಹೊಸದಾಗಿ ಸೇರಿದವರು 7 ದಿನ ಕಳೆಯುವವರೆಗೆ ಪ್ರಾಥಮಿಕ ಮಾಲೀಕರಾಗಲು ಬರುವುದಿಲ್ಲ. ಅಲ್ಲಿಯವರೆಗೆ ಹಳೆಯ ಮಾಲೀಕರು ಕೆಲಸ ಬಿಟ್ಟು ಹೋಗದಂತೆ ನೋಡಿಕೊಳ್ಳಿ.

ಎಕ್ಸ್ ಖಾತೆಯ ತೊಂದರೆಗೆ ಕಾರಣ ಬಹುಶಃ ಪೋಸ್ಟ್‌ಗಳನ್ನು ಮುಂಚಿತವಾಗಿ ಶೆಡ್ಯೂಲ್ ಮಾಡುವ ಯಾವುದೋ ಆ್ಯಪ್. ಅಂತಹ ಆ್ಯಪ್‌ಗಳು ಪಾಸ್‌ವರ್ಡ್ ಬಳಸುವುದಿಲ್ಲ, ಒಮ್ಮೆ ಪಡೆದ ಅನುಮತಿಯ ಮೇಲೆ ಕೆಲಸ ಮಾಡುತ್ತವೆ. ಆದ್ದರಿಂದ ಬೀಗ ಬದಲಿಸಿದರೂ ಅವುಗಳ ದಾರಿ ತೆರೆದೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಖಾತೆಗೆ ಜೋಡಣೆಯಾಗಿರುವ ಆ್ಯಪ್‌ಗಳ ಪಟ್ಟಿಯನ್ನು ತೆರೆದು ಅನುಮತಿಗಳನ್ನು ರದ್ದುಗೊಳಿಸಿ, ಖಾತೆಯ ಪರವಾಗಿ ಬರೆಯಲು ಯಾರಿಗಾದರೂ ಅಧಿಕಾರ ಕೊಟ್ಟಿದ್ದರೆ ಅದನ್ನೂ ಹಿಂಪಡೆಯಿರಿ. ಎರಡನೇ ಹಂತದ ಓಟಿಪಿ ಯಾರ ಮೊಬೈಲಿಗೆ ಹೋಗುತ್ತಿದೆ ಎಂಬುದನ್ನೂ ಇಂದೇ ನೋಡಿ.

ಫೇಸ್‌ಬುಕ್ ಪೇಜಿಗೆ ಪ್ರತ್ಯೇಕ ಪಾಸ್‌ವರ್ಡ್ ಎಂಬುದೇ ಇಲ್ಲ. ನಿಮಗೆ ಸಿಕ್ಕಿರುವುದು ಭಾಗಶಃ ಪ್ರವೇಶ, ಬೇಕಾಗಿರುವುದು ಪೂರ್ಣ ನಿಯಂತ್ರಣ. ಪೇಜ್ ಯಾರ ಬಿಸಿನೆಸ್ ಪೋರ್ಟ್‌ಫೋಲಿಯೋದಲ್ಲಿದೆ (ಸಂಸ್ಥೆಯೊಂದು ತನ್ನ ಪೇಜ್‌ಗಳನ್ನೂ ಜಾಹೀರಾತು ಖಾತೆಗಳನ್ನೂ ಒಟ್ಟಿಗೆ ನಿರ್ವಹಿಸುವ ಫೇಸ್‌ಬುಕ್ ವ್ಯವಸ್ಥೆ) ಎಂದು ವಿಚಾರಿಸಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಆ್ಯಪ್ ಸಿಕ್ಕಿತು; ಅದರ ಸಾಲಿನಲ್ಲಿ ಇನ್ನೂ ಹನ್ನೊಂದು ಪೋಸ್ಟ್‌ಗಳು ಕಾಯುತ್ತಿದ್ದವು. ಪೇಜ್ ಮಾತ್ರ ಅವರ ಹಳೆಯ ಜಾಹೀರಾತು ಏಜೆನ್ಸಿಯ ಪೋರ್ಟ್‌ಫೋಲಿಯೋದಲ್ಲಿದೆ. ಆ ಪೇಜನ್ನು ನಮ್ಮ ಪೇಜಿನೊಂದಿಗೆ ಕೂಡಿಸಿ, ಎಕ್ಸ್ ಖಾತೆಯ ಹೆಸರನ್ನೂ ಬದಲಿಸಿದರೆ ಎಲ್ಲವೂ ಒಂದೇ ಬಾರಿಗೆ ಮುಗಿಯುವುದಿಲ್ಲವೇ?

ಮತ್ತೊಬ್ಬರ ಉತ್ತರ:
ದಯವಿಟ್ಟು ಅವಸರಪಡಬೇಡಿ. ಎರಡು ಪೇಜ್‌ಗಳನ್ನು ಕೂಡಿಸಿದಾಗ ಅನುಯಾಯಿಗಳು ಒಂದೆಡೆ ಸೇರುತ್ತಾರೆ, ಆದರೆ ಕರಗಿಹೋಗುವ ಪೇಜಿನ ಪೋಸ್ಟ್‌ಗಳು, ಚಿತ್ರಗಳು ಮತ್ತು ವಿಮರ್ಶೆಗಳು ಅಳಿಸಿಹೋಗುತ್ತವೆ, ಅವನ್ನು ಮರಳಿ ತರಲಾಗದು. ಎರಡರ ಹೆಸರುಗಳು ಹೋಲದಿದ್ದರೆ ಫೇಸ್‌ಬುಕ್ ಒಪ್ಪುವುದೂ ಇಲ್ಲ. ಮೊದಲು ಏಜೆನ್ಸಿಯಿಂದ ಪೇಜನ್ನು ಲಿಖಿತವಾಗಿ ಬಿಡಿಸಿಕೊಳ್ಳಿ. ಅವರ ಬಾಕಿ ಹಣ ಉಳಿದಿದ್ದರೆ ಅದನ್ನು ತೀರಿಸುವುದೇ ಹತ್ತಿರದ ದಾರಿ ಎಂಬುದು ನನ್ನ ಅನುಭವ.

ಎಕ್ಸ್ ಖಾತೆಯ ಹೆಸರು ಬದಲಿಸಿದರೆ ಅನುಯಾಯಿಗಳು ಉಳಿಯುತ್ತಾರೆ, ಆದರೆ ಹಳೆಯ ಹೆಸರು ಅನಾಥವಾಗಿ ಬೇರೆಯವರ ಕೈಸೇರಬಹುದು. ನಿಮ್ಮದೇ ಇನ್ನೊಂದು ಖಾತೆಯಲ್ಲಿ ಆ ಹೆಸರನ್ನು ಕೂಡಲೇ ಹಿಡಿದಿಟ್ಟುಕೊಳ್ಳಿ.

ಕೆಲಸ ಕಳೆದುಕೊಳ್ಳಲಿರುವವರ ಕೈಯಲ್ಲಿ ಲಾಗಿನ್ ಉಳಿದಿದೆಯೇ ಎಂಬುದನ್ನೂ ಪರೀಕ್ಷಿಸಿ. 2013ರ ಜನವರಿಯಲ್ಲಿ ಬ್ರಿಟನ್ನಿನ ಎಚ್‌ಎಂವಿ ಮಳಿಗೆಗಳ ಸಂಸ್ಥೆಯು ಸಿಬ್ಬಂದಿಯನ್ನು ತೆಗೆದುಹಾಕುತ್ತಿರುವಾಗ, ಅದೇ ಸಂಸ್ಥೆಯ ಅಧಿಕೃತ ಟ್ವಿಟರ್ ಖಾತೆಯಿಂದಲೇ ಅದರ ವರದಿ ನೇರವಾಗಿ ಹೊರಬಿದ್ದಿತ್ತು.

ಪ್ರಶ್ನೆ ಕೇಳಿದವರು:
ಹಳೆಯ ಹೆಸರನ್ನು ಕಾದಿರಿಸಿದ್ದೇವೆ. ಏಜೆನ್ಸಿಯ ಎರಡು ಬಿಲ್‌ಗಳು ನಿಜವಾಗಿಯೂ ಬಾಕಿ ಇದ್ದವು. ಹಣ ಸಂದಾಯವಾದ ಮರುದಿನ ಅವರು ಪೇಜನ್ನು ಬಿಟ್ಟುಕೊಟ್ಟರು. ಯೂಟ್ಯೂಬಿನದು ಮಾತ್ರ ಇನ್ನೆರಡು ದಿನ ಕಾಯಬೇಕಾಗಿದೆ.