ಜೇನ್ನೊಣದ ವಿಷ: ಮೆಲಿಟಿನ್ ಪೀಕ್ ಅಗಲ, ಅಪಮಿನ್ ನಾಪತ್ತೆ

ಹೆಸರಘಟ್ಟ_ಜೇನು:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರವಲಯದ ತೋಟದಲ್ಲಿ ಮೆಲ್ಲಿಫೆರಾ (ಯುರೋಪಿಯನ್ ಜೇನು) ಪೆಟ್ಟಿಗೆಗೆ ಕರೆಂಟ್ ತಂತಿ, ಗಾಜಿನ ತಟ್ಟೆ ಇಟ್ಟು ಕೆರೆದು ತೆಗೆದ ಒಣ ವಿಷ ಇದು. 10 ಮಿ.ಗ್ರಾಂ ವಿಷವನ್ನು 1 ಮಿ.ಲೀ. ಪಿಬಿಎಸ್‌ನಲ್ಲಿ (ಫಾಸ್ಫೇಟ್ ಉಪ್ಪುನೀರು) ಕರಗಿಸಿ, 0.22 ಮೈಕ್ರಾನ್ ನೈಲಾನ್ ಫಿಲ್ಟರ್‌ನಲ್ಲಿ ಸೋಸಿ, ಎಚ್‌ಪಿಎಲ್‌ಸಿಯ (ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಯಂತ್ರ) ಸಿ18 ಕಾಲಂಗೆ (4.6×250 ಮಿ.ಮೀ.) 20 ಮೈಕ್ರೋಲೀಟರ್ ಹಾಕ್ತಿದ್ದೀವಿ. ಡಿಟೆಕ್ಟರ್ 280 ನ್ಯಾನೊಮೀಟರ್. ವಿಷದ ಮುಖ್ಯ ಪೆಪ್ಟೈಡ್ ಮೆಲಿಟಿನ್‌ನ ಪೀಕ್ ಅಗಲವಾಗಿ ಬಾಲ ಎಳೀತಿದೆ, ಹಿಂದೆ ಒಂದು ಉಬ್ಬು. ಇನ್ನೊಂದು ಚಿಕ್ಕ ಪೆಪ್ಟೈಡ್ ಅಪಮಿನ್‌ನ ಸುಳಿವೇ ಇಲ್ಲ. ಬೆಳಗಿನ ವಯಲ್ಲನ್ನೇ ಸಂಜೆ ಹಾಕಿದರೆ ಪೀಕ್ ಏರಿಯಾ ಕಮ್ಮಿ. ಬ್ಲ್ಯಾಂಕ್‌ನಲ್ಲೂ (ವಿಷ ಹಾಕದ ದ್ರಾವಣ) ಮೆಲಿಟಿನ್ ಬರ್ತಿದೆ. ಕಾಲಂ ಹೋಯ್ತಾ?

ಸಿ18_ಯಶವಂತಪುರ:
ಕಾಲಂಗೆ ದುಡ್ಡು ಹಾಕಬೇಡಿ ಸರ್, ತೊಂದರೆ ಸ್ಯಾಂಪಲ್ ತಯಾರಿಯಲ್ಲಿದೆ.

ಮೊದಲು ಲೋಡ್ ನೋಡಿ. ಒಂದು ಸಲಕ್ಕೆ 200 ಮೈಕ್ರೋಗ್ರಾಂ ವಿಷ ಹಾಕ್ತಿದ್ದೀರಿ. ಒಣ ವಿಷದಲ್ಲಿ ಸುಮಾರು ಅರ್ಧ ಮೆಲಿಟಿನ್ನೇ. 4.6 ಮಿ.ಮೀ. ಕಾಲಂಗೆ ವಿಶ್ಲೇಷಣೆಗೆ ಅದು ಜಾಸ್ತಿ. 1 ಮಿ.ಗ್ರಾಂ/ಮಿ.ಲೀ. ಮಾಡಿ, 10 ಮೈಕ್ರೋಲೀಟರ್ ಸಾಕು.

ಎರಡನೆಯದು ಪಿಬಿಎಸ್. ಉಪ್ಪು ಹೆಚ್ಚಾದಷ್ಟೂ ಮೆಲಿಟಿನ್ ನಾಲ್ಕು ನಾಲ್ಕು ಸೇರಿ ಟೆಟ್ರಾಮರ್ ಆಗುತ್ತೆ. 0.1% ಟಿಎಫ್‌ಎ (ಟ್ರೈಫ್ಲೋರೋಅಸಿಟಿಕ್ ಆಮ್ಲ) ಇರುವ 5% ಅಸಿಟೋನೈಟ್ರೈಲ್‌ನಲ್ಲೇ ಕರಗಿಸಿ. ಅಸಿಟೋನೈಟ್ರೈಲ್ ಅದಕ್ಕಿಂತ ಹೆಚ್ಚಿಸಿದರೆ ಬೇಗ ಹೊರಬರುವ ಅಪಮಿನ್ ಕಾಲಂ ಹಿಡಿಯದೆ ಜಾರಿಹೋಗಬಹುದು.

ಏರಿಯಾ ಇಳಿಯೋದು ಅಂಟಿಕೊಳ್ಳೋದರಿಂದ. ತಟಸ್ಥ ದ್ರಾವಣದಲ್ಲಿ ಮೆಲಿಟಿನ್ ಮೇಲೆ ಆರು ಧನ ವಿದ್ಯುದಂಶ, ಜತೆಗೆ ಎಣ್ಣೆ ಸ್ವಭಾವದ ಉದ್ದ ಭಾಗ. ಗಾಜಿಗೂ ಅಂಟುತ್ತೆ, ಪ್ಲಾಸ್ಟಿಕ್‌ಗೂ ಅಂಟುತ್ತೆ. ನೈಲಾನ್ ಫಿಲ್ಟರ್ ಬಿಡಿ. ಪರಾಗ, ಮೇಣ ತೆಗೆಯೋಕೆ 12,000 ಜಿ ವೇಗದಲ್ಲಿ 4 ಡಿಗ್ರಿಯಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಲೋ-ಬೈಂಡ್ ಟ್ಯೂಬ್‌ಗೆ ತೆಗೆಯಿರಿ. ಬ್ಲ್ಯಾಂಕ್‌ನಲ್ಲಿ ಬರೋದೂ ಇದೇ ಅಂಟು: ಸೂಜಿ ತೊಳೆಯೋಕೆ 0.1% ಟಿಎಫ್‌ಎ ಇರುವ 50% ಅಸಿಟೋನೈಟ್ರೈಲ್ ಇಡಿ, ಪ್ರತಿ ರನ್ ಕೊನೆಗೆ 95% ಬಿ (ಅಸಿಟೋನೈಟ್ರೈಲ್ ಇರುವ ದ್ರಾವಕ) 10 ನಿಮಿಷ ಓಡಿಸಿ.

280ರ ಬೆಳಕು ಹೀರುವ ಅಮೈನೋ ಆಮ್ಲಗಳಾದ ಟ್ರಿಪ್ಟೋಫಾನ್, ಟೈರೋಸಿನ್ ಎರಡೂ ಅಪಮಿನ್‌ನಲ್ಲಿ ಇಲ್ಲ. 280ರಲ್ಲಿ ಹೇಗೆ ಕಾಣಬೇಕು? 214ಕ್ಕೆ ಬದಲಿಸಿ. ಪ್ರಮಾಣವೂ ಶೇ 2–3ರಷ್ಟೇ, ಹಾಗಾಗಿ ಪೀಕ್ ಚಿಕ್ಕದು. ಗ್ರೇಡಿಯಂಟ್ (ಬಿ ಏರಿಸುವ ಕ್ರಮ) 5ರಿಂದ 60% ಬಿ, 40 ನಿಮಿಷ, 1 ಮಿ.ಲೀ./ನಿಮಿಷ ಇಡಿ. ಅಪಮಿನ್ ಮೊದಲು, ಮೆಲಿಟಿನ್ ಕೊನೆಗೆ.

ಮಾಸ್‌ಸ್ಪೆಕ್_ಜಕ್ಕೂರು:
ಉಬ್ಬಿನ ಬಗ್ಗೆ: ಲೋಡ್ ಇಳಿಸಿದ ಮೇಲೂ ಉಳಿದರೆ ಅದು ಫಾರ್ಮೈಲ್ ಗುಂಪು ಅಂಟಿದ ಮೆಲಿಟಿನ್ ಇರಬಹುದು. ಸಹಜವಾಗಿಯೇ ವಿಷದಲ್ಲಿ ಇರುತ್ತೆ. ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ (ಅಣುವಿನ ತೂಕ ಅಳೆಯುವ ಯಂತ್ರ) ನೋಡಿ: ಮೆಲಿಟಿನ್ ತೂಕ 2846.5, ಆದ್ದರಿಂದ 4+ ಅಯಾನು (ನಾಲ್ಕು ಧನ ವಿದ್ಯುದಂಶ ಹೊತ್ತದ್ದು, ತೂಕ ನಾಲ್ಕರಿಂದ ಭಾಗಿಸಿ ಕಾಣುತ್ತೆ) 712.6ರಲ್ಲಿ; ಫಾರ್ಮೈಲ್ ಆದದ್ದು 28 ಹೆಚ್ಚು, 719.6ರಲ್ಲಿ. ಏಳರ ಅಂತರ ಇದ್ದರೆ ಫಾರ್ಮೈಲ್, ಐದೂವರೆ ಇದ್ದರೆ ಸೋಡಿಯಂ, ಅಂದರೆ ಪಿಬಿಎಸ್ ಇನ್ನೂ ಹೋಗಿಲ್ಲ. ಮಾಸ್‌ಗೆ ಹಾಕುವಾಗ ಟಿಎಫ್‌ಎ ಬದಲು 0.1% ಫಾರ್ಮಿಕ್ ಆಸಿಡ್ ಬಳಸಿ, ಟಿಎಫ್‌ಎ ಸಿಗ್ನಲ್ ಅಡಗಿಸುತ್ತೆ. ಗಟ್ಟಿ ಫಾರ್ಮಿಕ್‌ನಲ್ಲಿ ಮಾತ್ರ ದಿನಗಟ್ಟಲೆ ಇಡಬೇಡಿ, ಆಗ ಫಾರ್ಮೈಲ್ ಹುಟ್ಟೋದು ನಿಮ್ಮ ಬಾಟಲಿಯಲ್ಲೇ.

ಅಪಮಿನ್ ಖಚಿತಕ್ಕೆ ಡಿಟಿಟಿ (ಡೈಸಲ್ಫೈಡ್ ಬಿಚ್ಚುವ ರಾಸಾಯನಿಕ) ಹಾಕಿ ಒಡೆಯಿರಿ: ಎರಡು ಡೈಸಲ್ಫೈಡ್ (ಸಿಸ್ಟೀನ್ ಜೋಡಿಯ ಗಂಧಕದ ಕೊಂಡಿ) ಬಿಚ್ಚಿದರೆ ತೂಕ 4 ಏರಬೇಕು. ಆಮೇಲೆ ಬಿಚ್ಚಿದ ಸಿಸ್ಟೀನ್‌ಗಳಿಗೆ ಕೂರುವ ಅಯೊಡೊಅಸಿಟಮೈಡ್ ಹಾಕಿದರೆ ಒಟ್ಟು 232. ಅಷ್ಟು ಏರಿದರೆ ನಾಲ್ಕು ಸಿಸ್ಟೀನ್ ಇವೆ ಅಂತ ಸಾಬೀತು.

ಹೆಸರಘಟ್ಟ_ಜೇನು:
ತುಂಬಾ ಥ್ಯಾಂಕ್ಸ್ ಮೇಡಂ, ಸರ್. ಮೆಲಿಟಿನ್ ಫ್ರಾಕ್ಷನ್ ಒಣಗಿಸಿ ತೂಗಿದರೆ ಲೆಕ್ಕಕ್ಕಿಂತ ಜಾಸ್ತಿ ಬರ್ತಿದೆ, ಅದಕ್ಕೇನು?

ಸಿ18_ಯಶವಂತಪುರ:
ಟಿಎಫ್‌ಎ ಉಪ್ಪಿನ ತೂಕ ಅದು. ಆರು ಟಿಎಫ್‌ಎ ಸೇರಿದರೆ ಪುಡಿಯ ಶೇ 19ರಷ್ಟು ಅದೇ ಇರುತ್ತೆ. ಮಳೆಗಾಲದಲ್ಲಿ ತೇವವೂ ಎಳ್ಕೊಳ್ಳುತ್ತೆ. ಮೆಲಿಟಿನ್‌ನಲ್ಲಿ 19ನೇ ಜಾಗದಲ್ಲಿ ಒಂದು ಟ್ರಿಪ್ಟೋಫಾನ್ ಇರೋದರಿಂದ 280ರಲ್ಲೇ ಅಳೆಯಿರಿ: 1 ಮಿ.ಗ್ರಾಂ/ಮಿ.ಲೀ. ಇದ್ದರೆ 1 ಸೆಂ.ಮೀ. ಕ್ಯುವೆಟ್‌ನಲ್ಲಿ ಬೆಳಕಿನ ಹೀರಿಕೆ ಸುಮಾರು 1.9. ಒಣ ಪುಡಿ ತೂಗುವಾಗ ಗ್ಲೌಸ್, ಎನ್95, ಫ್ಯೂಮ್ ಹುಡ್ ಕಡ್ಡಾಯ. ಕಚ್ಚಿದರೆ ಅಲರ್ಜಿ ಆಗುವವರು ಆ ಕೋಣೆಗೇ ಬರಬಾರದು.