ಮಾನವ ಸಂಪನ್ಮೂಲ ವಿಭಾಗದ ಇಂಟರ್ನ್‌ಶಿಪ್: ಕಡತ ಜೋಡಿಸುವುದರಲ್ಲಿ ಕಲಿಕೆ ಇದೆಯೇ?

ಪ್ರಶ್ನೆ: ನಾನು ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿ. ಬೆಂಗಳೂರಿನ ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಐದು ವಾರಗಳಿಂದ ಹಾಜರಾತಿ ಪಟ್ಟಿ ಮತ್ತು ಭವಿಷ್ಯ ನಿಧಿಯ ಅರ್ಜಿಗಳನ್ನು ಜೋಡಿಸುವುದೇ ಕೆಲಸವಾಗಿರುವುದರಿಂದ, ಒಂದು ಸಂದರ್ಶನವನ್ನೂ ನೋಡದೆ ಕಾಲೇಜಿನ ವರದಿಯಲ್ಲಿ ಏನು ಬರೆಯಲಿ ಎಂಬ ಚಿಂತೆ ಕಾಡುತ್ತಿದೆ.

ಉತ್ತರ 1: ಆ ಅರ್ಜಿಗಳನ್ನೇ ಗಮನವಿಟ್ಟು ಓದಿ. ಆಧಾರ್‌ನಲ್ಲಿರುವ ಹೆಸರಿಗೂ ನಿಧಿಯ ಖಾತೆಯಲ್ಲಿರುವ ಹೆಸರಿಗೂ ತಾಳೆಯಾಗದಿದ್ದರೆ ಹಣ ಹಿಂಪಡೆಯುವ ಅರ್ಜಿ ತಿರಸ್ಕೃತವಾಗಬಹುದು. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬಂದು ಹೊಲಿಗೆ ಯಂತ್ರದ ಮುಂದೆ ವರ್ಷಗಟ್ಟಲೆ ದುಡಿದ ಹೆಣ್ಣುಮಗಳಿಗೆ ಒಂದಕ್ಷರದ ತಪ್ಪು ಎಷ್ಟು ಭಾರವಾಗುತ್ತದೆ ಎಂಬುದನ್ನು ಇದೇ ವೃತ್ತಿಯಲ್ಲಿರುವ ನಾನು ಕಣ್ಣಾರೆ ಕಂಡಿದ್ದೇನೆ. ಯಾವ ತಪ್ಪುಗಳು ಮರುಕಳಿಸುತ್ತವೆ, ಏಕೆ ಎಂಬುದನ್ನು ಕಾರ್ಮಿಕರ ಹೆಸರು ಬಿಟ್ಟು ಬರೆಯಿರಿ.

ಉತ್ತರ 2: 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಇಂಥ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿ ಕಡ್ಡಾಯ, ಅದರ ರಕ್ಷಣೆ ತರಬೇತಿಯಲ್ಲಿರುವ ನಿಮಗೂ ಇದೆ. ಸಮಿತಿಯ ವಿವರ ಕಾರ್ಮಿಕರು ಓದಬಲ್ಲ ಭಾಷೆಯಲ್ಲಿ ಗೋಡೆಯ ಮೇಲಿದೆಯೇ ಎಂದು ಗಮನಿಸಿ, ಅದನ್ನೂ ವರದಿಯಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹೆಸರು ತಾಳೆಯಾಗದ ಅರ್ಜಿಗಳನ್ನು ನಾಳೆಯಿಂದಲೇ ಪ್ರತ್ಯೇಕವಾಗಿ ಗುರುತಿಸಿಕೊಳ್ಳುತ್ತೇನೆ.